ಜಠರ ತೆಗೆದ ಮೇಲಿನ ಜೀರ್ಣಾಂಗ ಚಲನೆ ಮತ್ತು ಅದರ ಔಷಧಗಳು

ಜಠರದ ಒಂದು ಭಾಗವನ್ನೋ ಇಡೀ ಜಠರವನ್ನೋ ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೆ ಉಣ್ಣುವ ಆಹಾರ ಮುಂದಕ್ಕೆ ಸಾಗುವ ಗತಿ ಬದಲಾಗುತ್ತದೆ. ಅದು ತೀರ ನಿಧಾನವಾದಾಗ ಚುರುಕುಗೊಳಿಸಲು ಕೊಡುವ ಮದ್ದುಗಳಿಗೆ ಚಲನವರ್ಧಕಗಳು ಅಥವಾ ಪ್ರೊಕೈನೆಟಿಕ್‌ಗಳು ಎಂದು ಹೆಸರು. ಮೆಟೊಕ್ಲೊಪ್ರಮೈಡ್, ಡೊಂಪೆರಿಡೋನ್, ಎರಿತ್ರೊಮೈಸಿನ್, ಮೊಸಾಪ್ರೈಡ್, ಪ್ರುಕಲೋಪ್ರೈಡ್ ಇವುಗಳಲ್ಲಿ ಮುಖ್ಯವಾದವು. ಯಾವುದೂ ಜಠರ ಕಳೆದುಕೊಂಡವರಿಗೆಂದೇ ರೂಪುಗೊಂಡದ್ದಲ್ಲ. ವಾಂತಿಗೆ, ಮಧುಮೇಹಿಗಳ ಜಠರ ಜಡತೆಗೆ, ಮಲಬದ್ಧತೆಗೆ, ಒಂದಂತೂ ಗಂಟಲು ಮತ್ತು ಶ್ವಾಸಕೋಶದ ಸೋಂಕಿಗೆ ಬಳಕೆಗೆ ಬಂದು, ಆಮೇಲೆ ಈ ಕೆಲಸಕ್ಕೂ ಒದಗಿದವು. ಆದ್ದರಿಂದ ಯಾವ ಮದ್ದು ಒಳ್ಳೆಯದು ಎಂದು ಕೇಳುವ ಮುನ್ನ, ಆ ಮದ್ದು ತನ್ನ ಕೆಲಸ ತೋರಿಸಬೇಕಾದ ಅಂಗ ರೋಗಿಯ ಒಡಲಲ್ಲಿ ಉಳಿದಿದೆಯೇ ಎಂದು ಕೇಳಬೇಕಾಗುತ್ತದೆ. ಈ ವಿಷಯದ ಬಹುಪಾಲು ಗೊಂದಲ ಈ ಪ್ರಶ್ನೆಯನ್ನು ಕೇಳದೆ ಇರುವುದರಿಂದಲೇ ಹುಟ್ಟಿದೆ.

ಸಹಜ ಜಠರದ ಚಲನೆ

ಜಠರ ಒಂದೇ ಚೀಲದಂತೆ ಕಂಡರೂ ಚಲನೆಯ ದೃಷ್ಟಿಯಿಂದ ಅದರಲ್ಲಿ ಎರಡು ಅಂಗಗಳಿವೆ. ಮೇಲ್ಭಾಗವಾದ ಫಂಡಸ್ ತುತ್ತು ಬಂದಂತೆ ಸಡಿಲಗೊಂಡು ಜಾಗ ಮಾಡಿಕೊಡುತ್ತದೆ. ಒಳಗಿನ ಒತ್ತಡ ಏರದೆ ಹೊಟ್ಟೆ ತುಂಬ ಊಟ ಮಾಡಲು ಸಾಧ್ಯವಾಗುವುದು ಈ ಸಡಿಲಿಕೆಯಿಂದ. ಕೆಳಭಾಗವಾದ ಆಂಟ್ರಮ್ ಅರೆಯುವ ಒರಳು. ಅದು ಘನ ಆಹಾರವನ್ನು ಒಂದೆರಡು ಮಿಲಿಮೀಟರ್ ಗಾತ್ರದ ಕಣಗಳಾಗುವವರೆಗೆ ಅರೆಯುತ್ತದೆ, ದೊಡ್ಡ ತುಣುಕನ್ನು ಹಿಂದಕ್ಕೆ ತಳ್ಳುತ್ತದೆ. ಬಾಗಿಲಲ್ಲಿರುವ ಪೈಲೋರಸ್ ಸ್ನಾಯುಬಳೆ ಸಣ್ಣ ಕಣಗಳನ್ನು ಮಾತ್ರ ಅಷ್ಟಷ್ಟಾಗಿ ಸಣ್ಣಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್ಮಿಗೆ ಬಿಡುತ್ತದೆ. ನೀರು, ಮಜ್ಜಿಗೆಯಂಥ ದ್ರವ ಬೇಗ ಇಳಿಯುತ್ತದೆ. ಘನಾಹಾರ ಖಾಲಿಯಾಗಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ.

ಈ ಅರೆತಕ್ಕೆ ತಾಳ ಹಾಕುವುದು ಜಠರದ ಗೋಡೆಯಲ್ಲಿರುವ ಕಹಾಲ್ ಕೋಶಗಳು. ಸ್ಪೇನಿನ ನರವಿಜ್ಞಾನಿ ಸಾಂಟಿಯಾಗೊ ರಮೋನ್ ಇ ಕಹಾಲ್ ಗುರುತಿಸಿದ್ದರಿಂದ ಅವಕ್ಕೆ ಆ ಹೆಸರು. ಜಠರದಲ್ಲಿ ನಿಮಿಷಕ್ಕೆ ಸುಮಾರು 3 ವಿದ್ಯುತ್ ಅಲೆಗಳು ಏಳುತ್ತವೆ, ಡ್ಯುಯೊಡಿನಮ್ಮಿನಲ್ಲಿ ಸುಮಾರು 12. ಅಲ್ಲಿಂದ ಕೆಳಗೆ ಹೋದಂತೆ ಈ ಸಂಖ್ಯೆ ಇಳಿಯುತ್ತ, ಸಣ್ಣಕರುಳಿನ ಕೊನೆಯಲ್ಲಿ 8ರ ಆಸುಪಾಸಿಗೆ ಬರುತ್ತದೆ. ಮೇಲಿನದು ವೇಗ, ಕೆಳಗಿನದು ನಿಧಾನ ಎಂಬ ಈ ಏರ್ಪಾಡಿನಿಂದಲೇ ಅಲೆಗಳು ಸದಾ ಕೆಳಮುಖವಾಗಿ ಹರಿಯುತ್ತವೆ. ಕರುಳನ್ನು ಎಲ್ಲಿ ಕತ್ತರಿಸಿದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡುವಾಗ ಈ ಮಾತು ಬೇಕಾಗುತ್ತದೆ.

ಬರಿಹೊಟ್ಟೆಯಲ್ಲೂ ಈ ಅಂಗಗಳು ಸುಮ್ಮನಿರುವುದಿಲ್ಲ. ಸುಮಾರು 90ರಿಂದ 120 ನಿಮಿಷಗಳಿಗೊಮ್ಮೆ ಬಲವಾದ ಸಂಕೋಚನಗಳ ಸಾಲೊಂದು ಜಠರದಿಂದ ಹೊರಟು ಸಣ್ಣಕರುಳಿನ ತುದಿಯವರೆಗೆ ಸಾಗಿ, ಅರೆಯದೆ ಉಳಿದ ನಾರು, ಸತ್ತ ಕೋಶ, ಬ್ಯಾಕ್ಟೀರಿಯಾಗಳನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಅಮೆರಿಕದ ಸಂಶೋಧಕ ಜೋಸೆಫ್ ಶುರ್ಝೆವ್ಸ್ಕಿ 1969ರಲ್ಲಿ ನಾಯಿಗಳಲ್ಲಿ ಇದನ್ನು ವಿವರಿಸಿದರು. ಈ ಗುಡಿಸುವ ಅಲೆಯನ್ನು ಎಬ್ಬಿಸುವ ಹಾರ್ಮೋನು ಮೋಟಿಲಿನ್. ಅದು ಹುಟ್ಟುವುದು ಡ್ಯುಯೊಡಿನಮ್ ಮತ್ತು ಅದರ ಮುಂದಿನ ಭಾಗವಾದ ಜೆಜುನಮ್ಮಿನ ಒಳಪದರದಲ್ಲಿ. ಮೆದುಳಿಗೂ ಈ ಎಲ್ಲಕ್ಕೂ ನಡುವಿನ ತಂತಿ ವೇಗಸ್ ನರ. ಜಠರ ತೆಗೆಯುವಾಗ, ಅದರಲ್ಲೂ ಕ್ಯಾನ್ಸರಿಗಾಗಿ ಸುತ್ತಲಿನ ದುಗ್ಧಗ್ರಂಥಿಗಳನ್ನೂ ಬಿಡಿಸುವಾಗ, ಈ ನರದ ಕೊಂಬೆಗಳು ಹೆಚ್ಚಾಗಿ ತುಂಡಾಗುತ್ತವೆ. ಫಂಡಸ್ ಉಳಿದರೂ ಸಡಿಲಗೊಳ್ಳುವ ಗುಣ ಕಳೆದುಕೊಳ್ಳುತ್ತದೆ. ದ್ರವ ಧಾವಿಸಿ ಇಳಿಯುತ್ತದೆ, ಘನ ನಿಂತುಬಿಡುತ್ತದೆ.

ಶಸ್ತ್ರಚಿಕಿತ್ಸೆಯ ಬಗೆಗಳು

1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್ರೋತ್ 43 ವರ್ಷದ ಮಹಿಳೆಯೊಬ್ಬರ ಜಠರದ ಕ್ಯಾನ್ಸರ್ ಪೀಡಿತ ಕೆಳತುದಿಯನ್ನು ಕತ್ತರಿಸಿ, ಉಳಿದ ಜಠರವನ್ನು ಡ್ಯುಯೊಡಿನಮ್ಮಿಗೆ ಹೊಲಿದರು. ಅದಕ್ಕೂ ಮುನ್ನ 1879ರಲ್ಲಿ ಪ್ಯಾರಿಸಿನ ಪೇಆನ್, 1880ರಲ್ಲಿ ಪೋಲೆಂಡಿನ ರಿಡಿಗಿಯೆರ್ ಇದನ್ನು ಯತ್ನಿಸಿದ್ದರು. ಅವರ ರೋಗಿಗಳು ಬದುಕಲಿಲ್ಲ. ಬಿಲ್ರೋತರ ರೋಗಿ ಆಪರೇಷನ್ನಿನಿಂದ ಚೇತರಿಸಿಕೊಂಡು, ಕೆಲವು ತಿಂಗಳ ನಂತರ ಮರುಕಳಿಸಿದ ಕ್ಯಾನ್ಸರಿನಿಂದ ತೀರಿಕೊಂಡರು. 1885ರಲ್ಲಿ ಬಂದ ಎರಡನೆಯ ಬಿಲ್ರೋತ್ ವಿಧಾನದಲ್ಲಿ ಡ್ಯುಯೊಡಿನಮ್ಮಿನ ಬಾಯಿ ಮುಚ್ಚಿ ಜಠರವನ್ನು ನೇರವಾಗಿ ಜೆಜುನಮ್ಮಿಗೆ ಜೋಡಿಸುತ್ತಾರೆ. 1890ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಸೀಸರ್ ರೂ ಜೆಜುನಮ್ಮನ್ನೇ ಕತ್ತರಿಸಿ ಒಂದು ಕೊನೆಯನ್ನು ಜಠರಕ್ಕೂ ಇನ್ನೊಂದನ್ನು ಕೆಳಗಿನ ಕರುಳಿಗೂ ಜೋಡಿಸುವ ವೈ ಆಕಾರದ ರಚನೆಯನ್ನು ತಂದರು. 1897ರಲ್ಲಿ ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಇಡೀ ಜಠರವನ್ನು ಯಶಸ್ವಿಯಾಗಿ ತೆಗೆದರು. ಇಂದು ಪೂರ್ಣ ಜಠರ ತೆಗೆದವರಲ್ಲಿ ಅನ್ನನಾಳವನ್ನು ಹೆಚ್ಚಾಗಿ ಈ ರಚನೆಯಲ್ಲಿ ಮೇಲಕ್ಕೆ ತಂದ ಜೆಜುನಮ್ಮಿನ ತುಂಡಿಗೆ, ಅಂದರೆ ರೂ ಕೊಂಬೆಗೆ, ಜೋಡಿಸುತ್ತಾರೆ.

ಯಾರಿಗೆ ಈ ಶಸ್ತ್ರಚಿಕಿತ್ಸೆ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಹುಣ್ಣು ಮುಖ್ಯ ಕಾರಣವಾಗಿತ್ತು. ಡ್ಯುಯೊಡಿನಮ್ ಹುಣ್ಣು ಹೆಚ್ಚಾಗಿದ್ದ ದಕ್ಷಿಣ ಭಾರತದ ಜಿಲ್ಲಾ ಆಸ್ಪತ್ರೆಗಳಲ್ಲಿ ವೇಗಸ್ ನರ ಕತ್ತರಿಸಿ ಜಠರವನ್ನು ಜೆಜುನಮ್ಮಿಗೆ ಜೋಡಿಸುವುದು ನಿತ್ಯದ ಆಪರೇಷನ್ನಾಗಿತ್ತು. ಹಳೆಯ ಹುಣ್ಣಿನ ಆಪರೇಷನ್ನಿನ ಗಾಯದ ಗುರುತಿರುವ ಹಿರಿಯರು ಕರ್ನಾಟಕದ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ಊಟದ ನಂತರದ ಅವರ ತಲೆಸುತ್ತಿಗೆ ಕಾರಣ ಹುಡುಕುವಾಗ ವೈದ್ಯರು ಆ ಗುರುತನ್ನು ಮೊದಲು ನೋಡಬೇಕು. ಆಮ್ಲ ತಗ್ಗಿಸುವ ಔಷಧಗಳು ಮತ್ತು ಹುಣ್ಣು ತರುವ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಪೈಲೋರಿಗೆ ಚಿಕಿತ್ಸೆ ಬಂದ ಮೇಲೆ ಆ ಶಸ್ತ್ರಚಿಕಿತ್ಸೆ ಹೆಚ್ಚುಕಡಿಮೆ ಮರೆಯಾಯಿತು. ಈಗ ಜಠರ ಕಳೆದುಕೊಳ್ಳುವವರು ಮುಖ್ಯವಾಗಿ ಕ್ಯಾನ್ಸರ್ ರೋಗಿಗಳು. ಬೊಜ್ಜು ಇಳಿಸಲು ಜಠರದ ಮುಕ್ಕಾಲು ಪಾಲನ್ನು ಉದ್ದಕ್ಕೆ ಸೀಳಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆಯವರು ಇನ್ನೊಂದು ದೊಡ್ಡ ಗುಂಪು. ಸಿಡಿಎಚ್1 ಎಂಬ ಜೀನಿನ ದೋಷ ಹೊತ್ತ ಕುಟುಂಬಗಳಲ್ಲಿ ಕ್ಯಾನ್ಸರ್ ಬರುವ ಮುನ್ನವೇ ಜಠರ ತೆಗೆಸಿಕೊಳ್ಳುವವರೂ ಇದ್ದಾರೆ. ಈ ದೋಷ 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ಮೊದಲು ಪತ್ತೆಯಾಯಿತು.

ನಿಧಾನ ಮತ್ತು ಅವಸರ

ಮೊದಲ ಕೆಲವು ದಿನ ಎಲ್ಲರ ಕರುಳೂ ಮಂಕಾಗಿರುತ್ತದೆ. ಕೈಯಿಂದ ಮುಟ್ಟಿ ಎಳೆದಾಡಿದ ಕರುಳಿನ ಗೋಡೆಯಲ್ಲಿ ಉರಿಯೂತ ಏಳುತ್ತದೆ. ನೋವಿಗೆ ಕೊಡುವ ಅಫೀಮು ವರ್ಗದ ಮದ್ದುಗಳು ಅದನ್ನು ಇನ್ನಷ್ಟು ಜಡಗೊಳಿಸುತ್ತವೆ. ಸಾಮಾನ್ಯವಾಗಿ ಸಣ್ಣಕರುಳು ಒಂದು ದಿನದೊಳಗೆ, ಉಳಿದ ಜಠರ ಒಂದೆರಡು ದಿನಗಳಲ್ಲಿ, ದೊಡ್ಡಕರುಳು ಎರಡು ಮೂರು ದಿನಗಳಲ್ಲಿ ಎಚ್ಚರಗೊಳ್ಳುತ್ತದೆ. ವಾರ್ಡಿನಲ್ಲಿ ವೈದ್ಯರು ದಿನಕ್ಕೆರಡು ಬಾರಿ ಗಾಳಿ ಹೋಯಿತೇ ಎಂದು ಕೇಳುವುದು ಇದಕ್ಕಾಗಿ.

ಇದಾದ ಮೇಲೂ ಉಳಿಯುವ ನಿಧಾನಕ್ಕೆ ಮೂರು ಕಾರಣಗಳಿರಬಹುದು. ಕೆಳಭಾಗ ಮಾತ್ರ ತೆಗೆದವರಲ್ಲಿ, ನರ ಕಳೆದುಕೊಂಡ ಉಳಿದ ಜಠರ ಸೋಲುತ್ತದೆ. ತಿಂದದ್ದು ಗಂಟೆಗಟ್ಟಲೆ ಅಲ್ಲೇ ಕೂತು ಹುಳಿತೇಗು, ವಾಂತಿ ತರುತ್ತದೆ. 1943ರಲ್ಲಿ ಷಿಕಾಗೊದ ಲೆಸ್ಟರ್ ಡ್ರ್ಯಾಗ್‌ಸ್ಟೆಟ್ ಹುಣ್ಣಿಗೆ ವೇಗಸ್ ನರವನ್ನಷ್ಟೇ ಕತ್ತರಿಸುವ ಚಿಕಿತ್ಸೆ ಆರಂಭಿಸಿದಾಗ ಹಲವು ರೋಗಿಗಳ ಜಠರ ಹೀಗೇ ಸ್ತಬ್ಧವಾಯಿತು. ಅದರಿಂದಲೇ ಹೊರದಾರಿಯೊಂದನ್ನೂ ಜತೆಗೆ ಮಾಡಿಕೊಡುವ ಪದ್ಧತಿ ಬಂತು. ಎರಡನೆಯದು ಯಾಂತ್ರಿಕ ಅಡ್ಡಿ: ಹೊಲಿಗೆಯ ಜಾಗ ಕುಗ್ಗಿರಬಹುದು, ಕರುಳು ಅಂಟಿಕೊಂಡಿರಬಹುದು, ಕ್ಯಾನ್ಸರ್ ಮತ್ತೆ ಬಂದಿರಬಹುದು, ಅಥವಾ ನಾರಿನ ಉಂಡೆ ಕಟ್ಟಿರಬಹುದು. ಪರ್ಸಿಮನ್ ಹಣ್ಣು ಹೆಚ್ಚು ತಿನ್ನುವ ಜಪಾನ್, ಕೊರಿಯಾಗಳಲ್ಲಿ ಅರ್ಧ ಜಠರದವರಲ್ಲಿ ಇಂಥ ಉಂಡೆಗಳು ಸುಪರಿಚಿತ. ಇಲ್ಲಿ ಚಲನವರ್ಧಕ ಕೊಡುವುದು ಮುಚ್ಚಿದ ಬಾಗಿಲಿಗೆ ಒತ್ತಡ ಹೆಚ್ಚಿಸುವ ಕೆಲಸ, ಅಪಾಯಕಾರಿ.

ಮೂರನೆಯದು ರೂ ಕೊಂಬೆಯ ಜಡತೆ. ಜೆಜುನಮ್ಮನ್ನು ಅಡ್ಡ ಕತ್ತರಿಸಿದ ಕ್ಷಣದಲ್ಲಿ ಕೆಳಗಿನ ತುಂಡಿಗೆ ಡ್ಯುಯೊಡಿನಮ್ಮಿನ ತಾಳದ ಸಂಪರ್ಕ ಕಡಿಯುತ್ತದೆ. ಆಗ ಆ ತುಂಡಿನಲ್ಲೇ ಹೊಸ ತಾಳಗಾರರು ಹುಟ್ಟಿಕೊಳ್ಳುತ್ತಾರೆ. ಅವರ ಲಯ ನಿಧಾನ. ಕೆಲವೊಮ್ಮೆ ಅಲೆ ಕೆಳಕ್ಕೆ ಹೋಗುವ ಬದಲು ಮೇಲಕ್ಕೆ, ಜಠರದತ್ತ ಹರಿಯುತ್ತದೆ. ಕೊಂಬೆಯನ್ನು ಸಾಮಾನ್ಯವಾಗಿ 40 ಸೆಂಟಿಮೀಟರಿನಷ್ಟು ಉದ್ದ ಇಡುವುದು ಪಿತ್ತ ಮೇಲಕ್ಕೆ ಉಕ್ಕದಿರಲಿ ಎಂದು. ಅದು ಅನಗತ್ಯವಾಗಿ ಉದ್ದವಾದಷ್ಟೂ ಜಡತೆ ಹೆಚ್ಚಬಹುದು. ಇದು ತಾಳದ ದಿಕ್ಕೇ ತಪ್ಪಿದ ತೊಂದರೆಯಾದ್ದರಿಂದ ಸಂಕೋಚನದ ಬಲ ಹೆಚ್ಚಿಸುವ ಮದ್ದುಗಳು ಇಲ್ಲಿ ನಿರೀಕ್ಷಿಸಿದಷ್ಟು ಕೆಲಸ ಮಾಡುವುದಿಲ್ಲ. ಕರುಳನ್ನು ಪೂರ್ತಿ ಕತ್ತರಿಸದೆ ಒಳದಾರಿಯನ್ನಷ್ಟೇ ಮುಚ್ಚಿ ತಾಳ ಉಳಿಸಿಕೊಳ್ಳುವ ‘ಅನ್‌ಕಟ್ ರೂ’ ವಿಧಾನ ಹುಟ್ಟಿದ್ದು ಈ ತೊಡಕಿಗೆ ಉತ್ತರವಾಗಿ.

ಇದಕ್ಕೆ ತೀರ ಎದುರಾದದ್ದು ಡಂಪಿಂಗ್. ಪೈಲೋರಸ್ ಇಲ್ಲದ ಹೊಟ್ಟೆಯಿಂದ ಸಕ್ಕರೆಯುಳ್ಳ ಆಹಾರ ಒಮ್ಮೆಲೆ ಕರುಳಿಗೆ ಸುರಿಯುತ್ತದೆ. ರಕ್ತದಲ್ಲಿನ ನೀರು ಕರುಳಿನೊಳಕ್ಕೆ ಸೆಳೆಯಲ್ಪಡುತ್ತದೆ, ಕರುಳಿನ ಹಾರ್ಮೋನುಗಳು ಉಕ್ಕುತ್ತವೆ. ಊಟ ಮುಗಿದ 10ರಿಂದ 30 ನಿಮಿಷಗಳಲ್ಲಿ ಬೆವರು, ಎದೆಬಡಿತ, ಹೊಟ್ಟೆ ಮುರಿತ, ಭೇದಿ, ಮಲಗಿಬಿಡಬೇಕೆನ್ನಿಸುವ ಸುಸ್ತು. ಒಂದರಿಂದ ಮೂರು ಗಂಟೆ ಕಳೆದ ಮೇಲೆ ಬರುವ ಎರಡನೆಯ ಬಗೆಯಲ್ಲಿ, ಅತಿಯಾಗಿ ಸ್ರವಿಸಿದ ಇನ್ಸುಲಿನ್ನಿನಿಂದ ರಕ್ತದ ಸಕ್ಕರೆ ಕುಸಿದು ನಡುಕ, ಗಲಿಬಿಲಿ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು.

ಚಿಕಿತ್ಸೆಯ ಕಷ್ಟವಿರುವುದು ಇಲ್ಲಿ. ನಿಧಾನದ ರೋಗಿಯೂ ಅವಸರದ ರೋಗಿಯೂ ವೈದ್ಯರ ಮುಂದೆ ಹೇಳುವ ಮಾತು ಒಂದೇ: ‘ಎರಡು ತುತ್ತು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ವಾಕರಿಕೆ ಬರುತ್ತದೆ.’ ಮೊದಲನೆಯವರಿಗೆ ಒದಗುವ ಮಾತ್ರೆ ಎರಡನೆಯವರ ತೊಂದರೆಯನ್ನು ಹೆಚ್ಚಿಸೀತು. ಇನ್ನೂ ಒಂದಿಷ್ಟು ವೇಷಧಾರಿಗಳಿವೆ. ಎರಡನೆಯ ಬಿಲ್ರೋತ್ ವಿಧಾನದಲ್ಲಿ ಉಳಿಯುವ ಕುರುಡು ಕುಣಿಕೆಯಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಹೊಟ್ಟೆ ಉಬ್ಬುತ್ತದೆ. ಅದಕ್ಕೆ ಬೇಕಾದದ್ದು ಪ್ರತಿಜೀವಕ. ಆಹಾರ ಬರುವ ಹೊತ್ತಿಗೂ ಮೇದೋಜೀರಕದ ರಸ ಬರುವ ಹೊತ್ತಿಗೂ ತಾಳಮೇಳ ತಪ್ಪಿದರೆ ಜಿಡ್ಡು ಮಲ ಬರುತ್ತದೆ. ಅದಕ್ಕೆ ಕಿಣ್ವದ ಮಾತ್ರೆ. ನರ ತುಂಡಾದ ಪಿತ್ತಕೋಶದಲ್ಲಿ ಕಲ್ಲುಗಳಾಗುವುದೂ ಇವರಲ್ಲಿ ಹೆಚ್ಚು.

ಹಾಗಾಗಿ ಮದ್ದಿಗೆ ಮೊದಲು ಎಂಡೋಸ್ಕೋಪಿಯಿಂದಲೋ ಬಣ್ಣದ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ ಅಥವಾ ಸಿಟಿಯಿಂದಲೋ ಅಡ್ಡಿಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಗತಿಯನ್ನು ನಿಜವಾಗಿ ಅಳೆಯುವುದು ವಿಕಿರಣ ಗುರುತಿನ ಆಹಾರದ ಪರೀಕ್ಷೆ. ಟೆಕ್ನೀಶಿಯಂ ಬೆರೆಸಿದ ಮೊಟ್ಟೆಯ ಊಟ ಉಣ್ಣಿಸಿ ನಾಲ್ಕು ಗಂಟೆಗಳ ಕಾಲ ಚಿತ್ರ ತೆಗೆಯುತ್ತಾರೆ. ಸಹಜ ಜಠರದಲ್ಲಿ ಕೊನೆಗೆ ಶೇ. 10ಕ್ಕಿಂತ ಹೆಚ್ಚು ಉಳಿದಿರಬಾರದು. ಮೊಟ್ಟೆ ತಿನ್ನದವರಿಗಾಗಿ ಭಾರತದಲ್ಲಿ ಇಡ್ಲಿಯನ್ನೂ ಈ ಪರೀಕ್ಷೆಗೆ ಬಳಸಿದ್ದಾರೆ. ಆದರೆ ಈ ಅಂಕಿ ಇಡೀ ಜಠರವಿರುವವರದ್ದು. ಅರ್ಧ ಜಠರದವರ ಫಲಿತಾಂಶವನ್ನು ಅದೇ ಅಳತೆಗೋಲಿಗೆ ಹಿಡಿದು ಸಹಜ, ಅಸಹಜ ಎಂದು ಷರಾ ಬರೆಯುವುದು ಸರಿಯಲ್ಲ. ಪೂರ್ಣ ಜಠರ ತೆಗೆದವರಲ್ಲಿ ಆ ಅಂಕಿಗೆ ಅರ್ಥವೇ ಇಲ್ಲ.

ಡೊಪಮಿನ್ ತಡೆಯುವ ಮದ್ದುಗಳು

ಜೀರ್ಣನಾಳದಲ್ಲಿ ಡೊಪಮಿನ್ ಚಲನೆಗೆ ಕಡಿವಾಣ. ಮೆದುಳಿನ ವಾಂತಿ ಕೇಂದ್ರದ ಬಳಿ ಅದು ವಾಕರಿಕೆಯ ಸಂಕೇತ. ಎರಡನ್ನೂ ಒಟ್ಟಿಗೆ ತಡೆಯುವ ಮೆಟೊಕ್ಲೊಪ್ರಮೈಡ್ ಅನ್ನು 1964ರಲ್ಲಿ ಫ್ರಾನ್ಸಿನ ಜಸ್ಟಿನ್-ಬೆಜಾನ್ಸೊನ್ ಮತ್ತು ಲಾವಿಲ್ ವರದಿ ಮಾಡಿದರು. ಚುಚ್ಚುಮದ್ದಿನ ರೂಪದಲ್ಲೂ ಸಿಗುವುದರಿಂದ ಶಸ್ತ್ರಚಿಕಿತ್ಸೆಯ ವಾರ್ಡುಗಳಲ್ಲಿ ಅದು ಇಂದಿಗೂ ಕೈಗೆ ಮೊದಲು ಸಿಗುವ ಮದ್ದು. ವಾಕರಿಕೆಯನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಆದರೆ ಮಂಕಾದ ಕರುಳು ಅದರಿಂದ ಬೇಗ ಎಚ್ಚರಗೊಳ್ಳುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ದೊರೆತಿಲ್ಲ. ಮೆದುಳಿನೊಳಕ್ಕೆ ನುಸುಳುವುದರಿಂದ ಕತ್ತು ತಿರುಚುವಿಕೆ, ಚಡಪಡಿಕೆ, ಪಾರ್ಕಿನ್ಸನ್ ಲಕ್ಷಣಗಳು ಬರಬಹುದು. ಬಹುಕಾಲ ನುಂಗಿದವರಲ್ಲಿ ಬಾಯಿ, ನಾಲಿಗೆ ತಾವಾಗಿ ಆಡುತ್ತಲೇ ಇರುವ ಟಾರ್ಡಿವ್ ಡಿಸ್ಕೈನೀಸಿಯ ಬಂದರೆ ಮದ್ದು ಬಿಟ್ಟರೂ ಹೋಗದಿರಬಹುದು. ಅಮೆರಿಕದ ಔಷಧ ನಿಯಂತ್ರಕರು 2009ರಲ್ಲಿ 12 ವಾರ ಮೀರಬಾರದೆಂದು ಕಟು ಎಚ್ಚರಿಕೆ ಹಾಕಿದರು. ಯುರೋಪಿನವರು 2013ರಲ್ಲಿ ಐದು ದಿನ, ದಿನಕ್ಕೆ 30 ಮಿಲಿಗ್ರಾಂ ಎಂಬ ಮಿತಿಗೆ ಇಳಿಸಿದರು.

ಬೆಲ್ಜಿಯಂನ ಜಾನ್ಸೆನ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಹುಟ್ಟಿದ ಡೊಂಪೆರಿಡೋನ್ ಮೆದುಳಿಗೆ ಅಷ್ಟಾಗಿ ಹೋಗುವುದಿಲ್ಲ, ಆದ್ದರಿಂದ ಕೈಕಾಲು ನಡುಕದ ಭಯ ಕಡಿಮೆ. ಅದರ ಅಪಾಯ ಹೃದಯದ ಕಡೆಗಿದೆ: ಇಸಿಜಿಯಲ್ಲಿ ಕ್ಯೂಟಿ ಎಂದು ಗುರುತಿಸುವ ಅವಧಿಯನ್ನು ಅದು ಉದ್ದ ಮಾಡಿ, ಅಪರೂಪಕ್ಕೆ ಮಾರಕ ಲಯದೋಷ ತರಬಲ್ಲದು. ಅಮೆರಿಕದಲ್ಲಿ ಅದಕ್ಕೆ ಮಾರಾಟದ ಅನುಮತಿ ಸಿಕ್ಕೇ ಇಲ್ಲ. ಯುರೋಪಿನಲ್ಲಿ 2014ರಿಂದ ದಿನಕ್ಕೆ 10 ಮಿಲಿಗ್ರಾಂನ ಮೂರು ಮಾತ್ರೆ, ಸಾಮಾನ್ಯವಾಗಿ ಒಂದು ವಾರ ಎಂಬ ಮಿತಿಯಿದೆ. ಜಠರವಿಲ್ಲದವರ ಮಟ್ಟಿಗೆ ಇನ್ನೊಂದು ಸಂಗತಿ ಗಮನಿಸಬೇಕು. ಈ ಮದ್ದು ರಕ್ತಕ್ಕೆ ಸೇರಲು ಜಠರದ ಆಮ್ಲ ನೆರವಾಗುತ್ತದೆ. ಆಮ್ಲ ತಗ್ಗಿದರೆ ಹೀರಿಕೆಯೂ ತಗ್ಗುತ್ತದೆ. ಆಮ್ಲ ಸ್ರವಿಸುವ ಗೋಡೆಯೇ ಹೋದವರಲ್ಲಿ ನುಂಗಿದ ಮಾತ್ರೆ ಎಷ್ಟು ದಕ್ಕೀತು ಎಂಬ ಶಂಕೆ ಸಹಜ.

ಭಾರತದಲ್ಲಿ ಬಹಳ ಬರೆಯುವ ಲೆವೊಸಲ್ಪಿರೈಡ್ ಕೂಡ ಇದೇ ವರ್ಗದ್ದು. ಪ್ರೊಲ್ಯಾಕ್ಟಿನ್ ಹೆಚ್ಚಿಸಿ ಮುಟ್ಟು ನಿಲ್ಲಿಸುವುದು, ಎದೆಹಾಲು ತರಿಸುವುದು, ವಯಸ್ಸಾದವರಲ್ಲಿ ಪಾರ್ಕಿನ್ಸನ್ನಿನಂಥ ಬಿಗಿತ ತರುವುದು ಅದರ ದೋಷಗಳು. ಜಪಾನಿನ ಇಟೊಪ್ರೈಡ್ ಡೊಪಮಿನ್ ತಡೆಯುವುದರ ಜತೆಗೆ ಸಂಕೋಚನ ಬಲಗೊಳಿಸುವ ಅಸಿಟೈಲ್‌ಕೋಲಿನ್ ಒಡೆಯದಂತೆಯೂ ನೋಡಿಕೊಳ್ಳುತ್ತದೆ. ಹೃದಯದ ಮಟ್ಟಿಗೆ ಅದು ಹೆಚ್ಚು ಸೌಮ್ಯ.

ಎರಿತ್ರೊಮೈಸಿನ್

ಚಲನವರ್ಧಕಗಳಲ್ಲಿ ಅತಿ ಕುತೂಹಲದ ಚರಿತ್ರೆ ಇದರದ್ದು. ಫಿಲಿಪೀನ್ಸಿನ ಮಣ್ಣಿನ ಸೂಕ್ಷ್ಮಾಣುವಿನಿಂದ ತೆಗೆದ ಈ ಪ್ರತಿಜೀವಕ 1952ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ನುಂಗಿದವರೆಲ್ಲ ಹೊಟ್ಟೆ ಮುರಿತ ಎಂದು ದೂರುತ್ತಿದ್ದರು. ಮೂವತ್ತು ವರ್ಷ ಅದನ್ನು ಬರೀ ಅಡ್ಡಪರಿಣಾಮವೆಂದು ಬದಿಗಿಟ್ಟಿದ್ದಾಯಿತು. 1984ರಲ್ಲಿ ಜಪಾನಿನ ಗುನ್ಮಾದಲ್ಲಿ ಝೆನ್ ಇತೋ ಮತ್ತು ಸಂಗಡಿಗರು, ನಾಯಿಗಳಲ್ಲಿ ಅದು ಎಬ್ಬಿಸುವ ಸಂಕೋಚನ ಮೋಟಿಲಿನ್ ಎಬ್ಬಿಸುವ ಗುಡಿಸುವ ಅಲೆಯಂತೆಯೇ ಇದೆ ಎಂದು ತೋರಿಸಿದರು. ಪ್ರತಿಜೀವಕ ಅಣು ಮೋಟಿಲಿನ್ನಿನ ಬೀಗಕ್ಕೆ, ಅಂದರೆ ಅದರ ಗ್ರಾಹಕಕ್ಕೆ, ಸೇರಿಕೊಳ್ಳುತ್ತದೆ ಎಂಬುದು ಆಮೇಲೆ ಖಚಿತವಾಯಿತು. 1990ರಲ್ಲಿ ಬೆಲ್ಜಿಯಂನ ಲೂವೆನ್ ತಂಡ, ಮಧುಮೇಹದಿಂದ ಜಡವಾದ ಜಠರಗಳು ಇದರಿಂದ ಸಹಜಕ್ಕಿಂತಲೂ ವೇಗವಾಗಿ ಖಾಲಿಯಾದದ್ದನ್ನು ಪ್ರಕಟಿಸಿತು.

ಜಠರ ಶಸ್ತ್ರಚಿಕಿತ್ಸೆಗೆ ನೆರೆಯ ಕ್ಷೇತ್ರದಿಂದ ಒಂದು ದೊಡ್ಡ ಸಾಕ್ಷ್ಯ 1993ರಲ್ಲಿ ಬಂತು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೇದೋಜೀರಕದ ತಲೆ ಮತ್ತು ಡ್ಯುಯೊಡಿನಮ್ ತೆಗೆಸಿಕೊಂಡ 118 ಮಂದಿಯಲ್ಲಿ ಎರಿತ್ರೊಮೈಸಿನ್ ಚುಚ್ಚಿಸಿಕೊಂಡವರ ಪೈಕಿ ಶೇ. 19 ಮಂದಿಗೆ ಮಾತ್ರ ಜಠರ ತಡವಾಗಿ ಖಾಲಿಯಾಯಿತು. ಉಳಿದವರಲ್ಲಿ ಅದು ಶೇ. 30. ಮೋಟಿಲಿನ್ ಉತ್ಪಾದಿಸುವ ಡ್ಯುಯೊಡಿನಮ್ಮೇ ಹೋದವರಿಗೆ ಮೋಟಿಲಿನ್ನಿನ ಬದಲಿ ಕೊಡುವುದು ಎಂಬ ತರ್ಕ ಅಲ್ಲಿ ಸೊಗಸಾಗಿ ಕೂಡಿತು.

ಜಠರದ ಕೆಳಭಾಗ ತೆಗೆದವರಲ್ಲಿ ಉಳಿದ ತುಂಡಿನ ಮೇಲೂ ಇದು ಕೆಲಸ ಮಾಡುತ್ತದೆ. ಆದರೆ ಮೋಟಿಲಿನ್ ಗ್ರಾಹಕಗಳು ದಟ್ಟವಾಗಿರುವುದು ಆಂಟ್ರಮ್ ಮತ್ತು ಡ್ಯುಯೊಡಿನಮ್ಮಿನಲ್ಲಿ. ಆಂಟ್ರಮ್ ಹೋಗಿ, ಡ್ಯುಯೊಡಿನಮ್ ಆಹಾರದ ದಾರಿಯಿಂದ ಹೊರಗುಳಿದ ಪೂರ್ಣ ಛೇದನದವರಲ್ಲಿ ಅದರ ಪ್ರಭಾವ ಸೀಮಿತವಾಗುವುದು ಅಚ್ಚರಿಯೇನಲ್ಲ. ಇನ್ನೊಂದು ಮಿತಿ ಕಾಲದ್ದು: ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಗ್ರಾಹಕಗಳು ಮರಗಟ್ಟಿ ಮದ್ದು ನಾಟದಂತಾಗುತ್ತದೆ. ಸೋಂಕಿಗೆ ಕೊಡುವುದಕ್ಕಿಂತ ಸಣ್ಣ ಪ್ರಮಾಣದಲ್ಲಿ, ಸಾಧ್ಯವಾದರೆ ರಕ್ತನಾಳದ ಮೂಲಕ, ಅಲ್ಪಾವಧಿಗೆ ಕೊಡುವುದು ಇದಕ್ಕಾಗಿ. ಕ್ಯೂಟಿ ಉದ್ದವಾಗಿಸುವ ದೋಷ ಇದಕ್ಕೂ ಇದೆ. ಯಕೃತ್ತಿನಲ್ಲಿ ಹಲವು ಮದ್ದುಗಳು ಕರಗುವ ದಾರಿಯನ್ನು ಇದು ಮುಚ್ಚುತ್ತದೆ, ಡೊಂಪೆರಿಡೋನಿನದ್ದನ್ನೂ ಸೇರಿಸಿ. ಇವೆರಡನ್ನು ಒಟ್ಟಿಗೆ ಕೊಡುವುದು ಬೇಡವೇ ಬೇಡ. ಅಜಿತ್ರೊಮೈಸಿನ್ ಇದೇ ಗುಣದ ತಂಗಿ. ಸೋಂಕಿಲ್ಲದವರಿಗೆ ತಿಂಗಳುಗಟ್ಟಲೆ ಪ್ರತಿಜೀವಕ ತಿನ್ನಿಸುವುದರಿಂದ ಬ್ಯಾಕ್ಟೀರಿಯಾಗಳು ಮದ್ದಿಗೆ ಬಗ್ಗದಂತಾಗುವ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸೆರೊಟೊನಿನ್ ದಾರಿಯ ಮದ್ದುಗಳು

ಕರುಳಿನ ನರಜಾಲದಲ್ಲಿ ಸೆರೊಟೊನಿನ್ನಿನ ನಾಲ್ಕನೆಯ ಬಗೆಯ ಗ್ರಾಹಕವನ್ನು ಕೆಣಕಿದರೆ ಅಸಿಟೈಲ್‌ಕೋಲಿನ್ ಬಿಡುಗಡೆಯಾಗಿ ಸಂಕೋಚನ ಬಲಗೊಳ್ಳುತ್ತದೆ. ಈ ಗ್ರಾಹಕಗಳು ಜಠರದಿಂದ ದೊಡ್ಡಕರುಳಿನವರೆಗೆ ಹರಡಿರುವುದರಿಂದ, ಜಠರ ಹೋದವರಲ್ಲೂ ಮದ್ದಿಗೆ ಹಿಡಿಯಲು ಏನಾದರೂ ಉಳಿದಿರುತ್ತದೆ. ತರ್ಕದ ಮಟ್ಟಿಗೆ ಪೂರ್ಣ ಜಠರಛೇದನಕ್ಕೆ ಹೆಚ್ಚು ಹೊಂದುವ ವರ್ಗವಿದು.

ಇದರ ಮೊದಲ ಯಶಸ್ಸು ಸಿಸಾಪ್ರೈಡ್. ಅಮೆರಿಕದಲ್ಲಿ 1993ರಲ್ಲಿ ಅನುಮತಿ ಪಡೆದು ಬಹಳ ಜನಪ್ರಿಯವಾದ ಅದು ಮಾರಕ ಲಯದೋಷಗಳ ಕಾರಣ 2000ದಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹೊರಬಿತ್ತು. ಭಾರತ ಅದನ್ನು ನಿಷೇಧಿಸಿದ್ದು 2011ರಲ್ಲಿ. ನಡುವಿನ ಹತ್ತು ವರ್ಷ ನಮ್ಮ ಅಂಗಡಿಗಳಲ್ಲಿ ಅದು ಸಿಗುತ್ತಿತ್ತೆಂಬುದು ನಮ್ಮ ಔಷಧ ನಿಯಂತ್ರಣಕ್ಕೆ ಶೋಭೆ ತರುವ ಸಂಗತಿಯಲ್ಲ. ಇದೇ ದಾರಿಯ ಟೆಗಾಸೆರೋಡ್ ಹೃದಯಾಘಾತದ ಶಂಕೆಯಿಂದ 2007ರಲ್ಲಿ ಅಮೆರಿಕದಲ್ಲೂ, 2011ರಲ್ಲಿ ಭಾರತದಲ್ಲೂ ಹಿಂದೆ ಸರಿಯಿತು.

ಬದುಕುಳಿದವು ಎರಡು. 1998ರಲ್ಲಿ ಜಪಾನಿನಲ್ಲಿ ಬಂದ ಮೊಸಾಪ್ರೈಡ್ ಹೃದಯವನ್ನು ಅಷ್ಟಾಗಿ ಕೆಣಕದು. ಜಪಾನ್, ಕೊರಿಯಾ, ಭಾರತಗಳಲ್ಲಿ ಬಳಕೆಯಲ್ಲಿದೆ. ಮೂಲತಃ ಮಲಬದ್ಧತೆಗಾಗಿ ಯುರೋಪಿನಲ್ಲಿ 2009ರಲ್ಲೂ ಅಮೆರಿಕದಲ್ಲಿ 2018ರಲ್ಲೂ ಒಪ್ಪಿಗೆ ಪಡೆದ ಪ್ರುಕಲೋಪ್ರೈಡ್ ತನ್ನ ಗ್ರಾಹಕವನ್ನು ಬಿಟ್ಟು ಬೇರೆಡೆ ಅಂಟದ ಅಣು. ಕಾರಣ ತಿಳಿಯದ ಜಠರ ಜಡತೆಯಲ್ಲಿ ಅದರಿಂದ ಲಕ್ಷಣಗಳೂ ಖಾಲಿಯಾಗುವ ವೇಗವೂ ಸುಧಾರಿಸಿದ್ದನ್ನು ಲೂವೆನ್‌ನವರು ತೋರಿಸಿದ್ದಾರೆ. ತಲೆನೋವು, ಭೇದಿ ಇದರ ಸಾಮಾನ್ಯ ತೊಂದರೆಗಳು. ಡಂಪಿಂಗಿನ ಸುಳಿವಿರುವವರಿಗೆ ಇದನ್ನು ಕೊಡುವ ಮುನ್ನ ಎರಡು ಬಾರಿ ಯೋಚಿಸಬೇಕು.

ಮೊದಲ ದಿನಗಳ ಉಪಾಯಗಳು

ಜಪಾನಿನ ಸಾಂಪ್ರದಾಯಿಕ ಕಾಂಪೊ ವೈದ್ಯದ ‘ದಾಯ್‌ಕೆಂಚುತೊ’ ಪುಡಿ ಅಲ್ಲಿನ ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿ ಆಧುನಿಕ ಮದ್ದುಗಳ ಸಾಲಿನಲ್ಲೇ ಕೂತಿದೆ. ಸಂಸ್ಕರಿಸಿದ ಶುಂಠಿ, ಜಿನ್ಸೆಂಗ್, ಮಾಲ್ಟ್ ಸಕ್ಕರೆ ಮತ್ತು ಸಾಂಶೊ ಮೆಣಸು ಅದರ ಪದಾರ್ಥಗಳು. ಸಾಂಶೊ ಎಂದರೆ ನಮ್ಮ ಕರಾವಳಿಯಲ್ಲಿ ಮೀನಿನ ಅಡುಗೆಗೆ ಹಾಕುವ, ನಾಲಿಗೆಯನ್ನು ಜುಮ್ಮೆನ್ನಿಸುವ ಜುಮ್ಮನಕಾಯಿಯ ಸೋದರಸಂಬಂಧಿ, ಕೊಂಕಣಿಗರು ತೆಪ್ಪಾಲ್ ಎನ್ನುವುದು. ಕುಲ ಒಂದೇ ಆದರೂ ಗಿಡ ಬೇರೆ, ಮದ್ದಾಗಿ ಪರೀಕ್ಷೆಗೊಳಗಾದದ್ದು ಜಪಾನಿನದು ಮಾತ್ರ. ಪೂರ್ಣ ಜಠರ ತೆಗೆಸಿಕೊಂಡವರಲ್ಲೇ ಇದನ್ನು ಹುಸಿಮದ್ದಿನೊಂದಿಗೆ ಹೋಲಿಸಿದ ಹಲವು ಆಸ್ಪತ್ರೆಗಳ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಮೊದಲ ಮಲವಿಸರ್ಜನೆ ತುಸು ಬೇಗ ಆಯಿತು, ಲಾಭ ಸಾಧಾರಣ. ಜಠರವಿಲ್ಲದವರ ಮೇಲೆಯೇ ನಡೆದ ಪ್ರಯೋಗ ಎಂಬುದೇ ಅದರ ಹೆಚ್ಚುಗಾರಿಕೆ.

ಅಲ್ವಿಮೋಪಾನ್ ಎಂಬುದು ಕರುಳಿನಲ್ಲಷ್ಟೇ ಅಫೀಮು ಮದ್ದುಗಳನ್ನು ತಡೆದು, ನೋವುಶಮನವನ್ನು ಹಾಗೇ ಬಿಡುವ ಜಾಣ ಅಣು. 2008ರಲ್ಲಿ ಅಮೆರಿಕ ಒಪ್ಪಿದ್ದು ಕರುಳು ಕತ್ತರಿಸುವ ಶಸ್ತ್ರಚಿಕಿತ್ಸೆಗೆ. ಆಸ್ಪತ್ರೆಯೊಳಗೆ ಮಾತ್ರ, ಹೆಚ್ಚೆಂದರೆ 15 ಡೋಸು. ಅಷ್ಟು ಖರ್ಚಿಲ್ಲದೆ ಅದೇ ಉದ್ದೇಶ ಸಾಧಿಸುವ ದಾರಿಗಳೂ ಇವೆ. ಅಫೀಮು ಮದ್ದು ಮಿತಗೊಳಿಸಿ ಬೆನ್ನಿನ ಕೊಳವೆಯಿಂದ ಅಥವಾ ಪ್ಯಾರಾಸಿಟಮಾಲಿನಿಂದ ನೋವು ನಿಯಂತ್ರಿಸುವುದು, ಡ್ರಿಪ್ಪಿನಲ್ಲಿ ಅತಿಯಾಗಿ ಉಪ್ಪುನೀರು ಏರಿಸದಿರುವುದು, ಮರುದಿನವೇ ಎಬ್ಬಿಸಿ ನಡೆಸುವುದು, ಬೇಗ ಬಾಯಿಗೆ ಆಹಾರ ಕೊಡುವುದು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಆರಂಭಿಸಿದ ಈ ಶೀಘ್ರ ಚೇತರಿಕೆಯ ಪದ್ಧತಿಗೆ ಜಠರಛೇದನದ ಮಾರ್ಗಸೂಚಿ 2014ರಲ್ಲಿ ಬಂತು. ಚ್ಯೂಯಿಂಗ್ ಗಮ್ ಜಗಿಯುವುದು ಕೂಡ ಉಣ್ಣುತ್ತಿರುವ ಭ್ರಮೆ ಹುಟ್ಟಿಸಿ ಕರುಳನ್ನು ಎಚ್ಚರಿಸುತ್ತದೆಂದು ಹಲವು ಪ್ರಯೋಗಗಳು ಹೇಳುತ್ತವೆ.

ವೇಗ ತಗ್ಗಿಸಬೇಕಾದಾಗ

ಡಂಪಿಂಗಿನಲ್ಲಿ ಮೊದಲ ಮದ್ದು ಊಟದ ಕ್ರಮವೇ: ದಿನಕ್ಕೆ ಆರು ಸಣ್ಣ ಊಟ, ಊಟದ ಜತೆ ನೀರು ಕುಡಿಯದೆ ಅರ್ಧ ಗಂಟೆ ಬಿಡುವುದು, ಸಕ್ಕರೆ, ಬೆಲ್ಲ, ಪಾಯಸ, ಹಣ್ಣಿನ ರಸ ದೂರವಿಡುವುದು, ಬೇಳೆ, ಮೊಟ್ಟೆ, ಮೊಸರು ಹೆಚ್ಚಿಸುವುದು. ತೆಳುವಾಗಿ ಬೆಂದ ಅನ್ನದ ಗಂಜಿ ರೋಗಿಗೆ ಹಗುರ ಎಂದು ಮನೆಯವರು ಅದನ್ನೇ ಲೋಟಗಟ್ಟಲೆ ಕುಡಿಸುವುದುಂಟು. ಡಂಪಿಂಗಿರುವವರಿಗೆ ಅದಕ್ಕಿಂತ ಗಟ್ಟಿಯಾದ, ನಿಧಾನವಾಗಿ ಅಗಿದು ತಿನ್ನುವ ಆಹಾರ ಮೇಲು. ಗೋರಿಕಾಯಿ ಬೀಜದ ಗ್ವಾರ್ ಅಂಟು, ಪೆಕ್ಟಿನ್ ಆಹಾರವನ್ನು ಗಟ್ಟಿಯಾಗಿಸಿ ಇಳಿಯುವ ವೇಗ ತಗ್ಗಿಸುತ್ತವೆ. ತಡವಾಗಿ ಸಕ್ಕರೆ ಕುಸಿಯುವವರಿಗೆ ಪಿಷ್ಟ ಒಡೆಯುವುದನ್ನು ನಿಧಾನಿಸುವ ಅಕಾರ್ಬೋಸ್. ಯಾವುದಕ್ಕೂ ಬಗ್ಗದಿದ್ದರೆ ಕರುಳಿನ ಹಾರ್ಮೋನುಗಳನ್ನೇ ಅದುಮುವ ಆಕ್ಟ್ರಿಯೋಟೈಡ್ ಚುಚ್ಚುಮದ್ದು. ಅದರ ಬೆಲೆ ಹೆಚ್ಚು, ದೀರ್ಘಕಾಲದಲ್ಲಿ ಪಿತ್ತದ ಕಲ್ಲು ತರುವ ಗುಣವೂ ಇದೆ.

ನಮ್ಮಲ್ಲಿನ ಬಳಕೆ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿರುವ ಕ್ಯಾನ್ಸರ್ ನೋಂದಣಿ 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗಿನದು. ಗಂಡಸರ ಮುಖ್ಯ ಕ್ಯಾನ್ಸರುಗಳ ಪಟ್ಟಿಯಲ್ಲಿ ಜಠರದ್ದು ಅಲ್ಲಿ ಬಹುಕಾಲ ಕಾಣಿಸಿಕೊಂಡಿದೆ. ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರು ಹೊಟ್ಟೆ ಉಬ್ಬರವೆಂದರೆ ಔಷಧದಂಗಡಿಯಲ್ಲಿ ಸಿಗುವುದು ‘ಗ್ಯಾಸ್ಟ್ರಿಕ್ ಮಾತ್ರೆ’: ಪ್ಯಾಂಟೊಪ್ರಜೋಲ್ ಜತೆ ಡೊಂಪೆರಿಡೋನ್, ಅಥವಾ ರಾಬೆಪ್ರಜೋಲ್ ಜತೆ ಲೆವೊಸಲ್ಪಿರೈಡ್ ಬೆರೆಸಿದ ಕ್ಯಾಪ್ಸೂಲು. ಪೂರ್ಣ ಜಠರ ಹೋದವರಲ್ಲಿ ತಗ್ಗಿಸಲು ಆಮ್ಲವೇ ಇರುವುದಿಲ್ಲ. ಅವರ ಎದೆಯುರಿ ಬಹುಮಟ್ಟಿಗೆ ಪಿತ್ತದ್ದು. ಹೀಗಿರುವಾಗ ಕ್ಯಾಪ್ಸೂಲಿನ ಅರ್ಧ ಭಾಗ ನಿರರ್ಥಕ, ಉಳಿದರ್ಧವನ್ನು ವರ್ಷಗಟ್ಟಲೆ ನುಂಗಬಾರದು. ಭಾಗಶಃ ಜಠರ ಉಳಿದವರ ಮಾತು ಬೇರೆ. ಅಲ್ಲಿ ಆಮ್ಲ ಇನ್ನೂ ಇರಬಹುದು.

ಕೀಮೋಥೆರಪಿ ನಡೆಯುತ್ತಿದ್ದರೆ ವಾಂತಿಗೆ ಒಂಡಾನ್ಸೆಟ್ರಾನ್, ಬಾಯಿಯ ಬೂಷ್ಟಿಗೆ ಫ್ಲುಕೊನಜೋಲ್, ನೋವಿಗೆ ಟ್ರಮಡಾಲ್ ಸೇರಿಕೊಳ್ಳುತ್ತವೆ. ಮೊದಲ ಎರಡು ಕ್ಯೂಟಿಯನ್ನು ಎಳೆಯುತ್ತವೆ, ಒಂಡಾನ್ಸೆಟ್ರಾನ್ ಮಲಬದ್ಧತೆಯನ್ನೂ ತರುತ್ತದೆ, ಟ್ರಮಡಾಲ್ ಕರುಳನ್ನು ಜಡಗೊಳಿಸುತ್ತದೆ. ವಾಂತಿ, ಭೇದಿಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದಿದ್ದರೆ ಅಪಾಯ ಇಮ್ಮಡಿ. ಅವನ್ನು ಸರಿಪಡಿಸಿದರೆ ಕೆಲವೊಮ್ಮೆ ಕರುಳು ತಾನಾಗಿ ಚುರುಕಾಗುವುದೂ ಉಂಟು. ಮಧುಮೇಹಕ್ಕೂ ತೂಕ ಇಳಿಸಲೂ ಈಗ ಹೆಚ್ಚು ಬಳಕೆಯಾಗುತ್ತಿರುವ ಸೆಮಾಗ್ಲುಟೈಡಿನಂಥ ಚುಚ್ಚುಮದ್ದುಗಳು ಜಠರವನ್ನು ನಿಧಾನಗೊಳಿಸುತ್ತವೆ. ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ತೂಕ ಮರಳಿದವರು ಅವನ್ನು ಹಾಕಿಸಿಕೊಂಡಿದ್ದರೆ ಉಬ್ಬರಕ್ಕೆ ಇನ್ನೊಂದು ಮಾತ್ರೆ ಸೇರಿಸುವ ಮುನ್ನ ಆ ಮಾತು ಕೇಳಬೇಕು. ಚಲನೆಗೆ ಸಂಬಂಧವಿಲ್ಲದ ಆದರೆ ಮರೆಯಬಾರದ ಒಂದು ಮದ್ದು ವಿಟಮಿನ್ ಬಿ12. ಅದನ್ನು ಹೀರಲು ಬೇಕಾದ ಅಂಶ ಜಠರದ ಗೋಡೆಯಲ್ಲೇ ಹುಟ್ಟುವುದರಿಂದ ಪೂರ್ಣ ಛೇದನದವರಿಗೆ ಅದು ಜೀವನಪೂರ್ತಿ ಬೇಕು. ಅದರ ಕೊರತೆಯಿಂದ ಬರುವ ನಿತ್ರಾಣವನ್ನು ಊಟ ಸೇರದ್ದಕ್ಕೆ ಆರೋಪಿಸಿ ಚಲನವರ್ಧಕ ಬದಲಿಸುತ್ತ ಕೂರಬಾರದು.

ಹಸಿವಿನ ಹಾರ್ಮೋನು

ಜಠರ ಹೋದವರು ತೂಕ ಕಳೆದುಕೊಳ್ಳುವುದಕ್ಕೆ ಗತಿಯ ಏರುಪೇರು ಒಂದೇ ಕಾರಣವಲ್ಲ, ಹಸಿವೇ ಹುಟ್ಟುವುದಿಲ್ಲ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಕಂಡುಹಿಡಿದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಮುಖ್ಯವಾಗಿ ಫಂಡಸ್‌ನಲ್ಲಿ ತಯಾರಾಗುತ್ತದೆ. ಅದು ಮೋಟಿಲಿನ್ನಿನ ಹತ್ತಿರದ ಬಂಧು, ಜಠರವನ್ನು ಚುರುಕುಗೊಳಿಸುವ ಗುಣವೂ ಅದಕ್ಕಿದೆ. ಪೂರ್ಣ ಜಠರ ತೆಗೆದ ಮೇಲೆ ರಕ್ತದಲ್ಲಿ ಅದರ ಮಟ್ಟ ಥಟ್ಟನೆ ಕುಸಿಯುತ್ತದೆ. ಒಸಾಕಾದ ಶಸ್ತ್ರವೈದ್ಯರು ಇಂಥ 21 ರೋಗಿಗಳಲ್ಲಿ ಕೆಲವರಿಗೆ ಗ್ರೆಲಿನ್ನನ್ನೇ ರಕ್ತನಾಳಕ್ಕೆ ಕೊಟ್ಟು ನೋಡಿ, ಅವರು ಹೆಚ್ಚು ಉಂಡದ್ದನ್ನೂ ತೂಕ ಉಳಿಸಿಕೊಂಡದ್ದನ್ನೂ 2010ರಲ್ಲಿ ವರದಿ ಮಾಡಿದರು. ಚುಚ್ಚುಮದ್ದಾಗಿ ದಿನಾ ಕೊಡಬೇಕಾದ ಹಾರ್ಮೋನು ವ್ಯವಹಾರ್ಯವಲ್ಲ. ಅದರ ಗ್ರಾಹಕವನ್ನೇ ಕೆಣಕುವ ಮಾತ್ರೆ ಅನಮೊರೆಲಿನ್ ಅನ್ನು ಜಪಾನ್ 2021ರಲ್ಲಿ ಒಪ್ಪಿತು. ಆ ಒಪ್ಪಿಗೆ ಜಠರ, ಮೇದೋಜೀರಕ, ದೊಡ್ಡಕರುಳು ಮತ್ತು ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿನಿಂದ ದೇಹ ಸೊರಗಿದವರಿಗೆ ಮಾತ್ರ. ಕ್ಯಾನ್ಸರಿನಿಂದ ಪೂರ್ತಿ ಗುಣವಾಗಿ, ಜಠರವಿಲ್ಲದೆ ಬದುಕುತ್ತಿರುವವರು ಅದರ ವ್ಯಾಪ್ತಿಗೆ ಬರುವುದಿಲ್ಲ. ಹೃದಯದ ವಿದ್ಯುತ್ ವಹನವನ್ನು ಇದೂ ಕೆಡಿಸಬಲ್ಲದಾದ್ದರಿಂದ ಆರಂಭಿಸುವ ಮುನ್ನ ಇಸಿಜಿ ತೆಗೆಯಬೇಕಾಗುತ್ತದೆ.